ಬೆಳಕೆಯ ಡಿಶ್ ಮತ್ತು ನನ್ನ ಎರಡು ವರದಿಗಳು

ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನಂಥ ಹಳಬನನ್ನು ಕಂಡರೆ ಮೊದಲು ಕೇಳುವುದು, ನಿವೃತ್ತಿಯ ಹೊತ್ತಿಗೆ ಯಾವ ಹುದ್ದೆ ಮುಟ್ಟಿದ್ದಿರಿ ಎಂದು. ಅದನ್ನು ಮೊದಲೇ ಹೇಳಿ ಕೈ ತೊಳೆದುಕೊಳ್ಳುತ್ತೇನೆ. ಸೇರಿದ್ದು ಮೆಕ್ಯಾನಿಕ್ ಆಗಿ, ಹೊರಬಿದ್ದದ್ದು ಸೀನಿಯರ್ ಮೆಕ್ಯಾನಿಕ್ ಆಗಿ. ನಡುವಿನ ಮೂವತ್ತು ವರ್ಷ ಕುಮಟೆ, ಹೊನ್ನಾವರ, ಭಟ್ಕಳ ಈ ಮೂರು ತಾಲೂಕಿನ ಪಂಚಾಯ್ತಿಗಳಲ್ಲಿದ್ದ ಸರ್ಕಾರದ ರೇಡಿಯೋ, ಆಮೇಲೆ ಟಿ.ವಿ. ರಿಪೇರಿ ಮಾಡಿದೆ. ರಿಪೇರಿ ಆಗದ್ದಕ್ಕೆ ವರದಿ ಬರೆದೆ. ಸತ್ಯ ಹೇಳಬೇಕೆಂದರೆ ಸ್ಕ್ರೂಡ್ರೈವರಿಗಿಂತ ಪೆನ್ನು ನನ್ನ ಕೈಯಲ್ಲಿ ಚೆನ್ನಾಗಿ ಓಡುತ್ತಿತ್ತು.

ಒಂದು ಉದಾಹರಣೆ ಕೊಡುತ್ತೇನೆ. ಎಪ್ಪತ್ತರ ದಶಕ, ನಾನು ಸೇರಿ ಮೂರು ತಿಂಗಳಾಗಿರಬೇಕು. ಕಾಗಾಲದ ಪಂಚಾಯ್ತಿಯ ರೇಡಿಯೋ ಮಾತು ನಿಲ್ಲಿಸಿದೆ ಎಂದು ಕಾರ್ಡು ಬಂತು. ಹೋದೆ. ಗದ್ದೆ ಕೆಲಸ ಬಿಟ್ಟು ಹದಿನೈದು ಜನ ಸುತ್ತ ಕೂತಿದ್ದರು. ಅಷ್ಟು ಜನರ ಎದುರಿಗೆ ಬರೀ ಮುಚ್ಚಳ ತೆಗೆದು ನೋಡಿದರೆ ಇಲಾಖೆಯ ಮರ್ಯಾದೆ ಏನಾದೀತು? ಚಾಪೆ ಹಾಸಿಸಿ ಇಡೀ ಸೆಟ್ಟನ್ನು ಬಿಚ್ಚಿ ಸಾಲಾಗಿ ಜೋಡಿಸಿದೆ. ಎರಡು ತಾಸು ಕಳೆಯಿತು, ಬೆಲ್ಲ ನೀರು ಎರಡು ಸಲ ಬಂತು. ಕೊನೆಗೆ ಪಂಚಾಯ್ತಿಯ ಜವಾನ ಮೆಲ್ಲಗೆ ಹತ್ತಿರ ಬಂದು, "ಒಡೆಯಾ, ಮೊನ್ನೆ ಸೆಲ್ಲು ತೆಗ್ದು ಒರೆಸಿ ತಿರುಗಿಸಿ ಹಾಕಿದ್ದೆ. ಅದ್ರಿಂದ ಎಂತ ಅಡ್ಡಿಲ್ಲ ಅಲ್ವಾ?" ಎಂದ. ಅಡ್ಡಿ ಅದೇ ಆಗಿತ್ತು. ಎಲ್ಲವನ್ನೂ ಮತ್ತೆ ಜೋಡಿಸಿ ಸೆಲ್ಲು ಸರಿಯಾಗಿ ಹಾಕಿದೆ, ರೇಡಿಯೋ ಹಾಡಿತು. ವರದಿಯಲ್ಲಿ "ಆಂತರಿಕ ದೋಷ ನಿವಾರಿಸಲಾಗಿದೆ" ಎಂದು ಬರೆದೆ. ಸೆಲ್ಲು ಪೆಟ್ಟಿಗೆಯ ಒಳಗೇ ಇರುವುದರಿಂದ ಅದು ಸುಳ್ಳಲ್ಲ ಎಂದು ಬಸ್ಸಿನಲ್ಲಿ ಕೂತು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಈ ವಿದ್ಯೆ ಕಲಿಸಿದ್ದು ಕಾರವಾರದ ನಮ್ಮ ಸಾಹೇಬರು. ಒಳ್ಳೆಯ ಮನುಷ್ಯ, ಯಾರ ಮೇಲೂ ಕೂಗಿದವರಲ್ಲ. ಆದರೆ ಅವರ ಲೋಕವೆಲ್ಲ ನಮೂನೆಗಳಲ್ಲಿತ್ತು. ಪ್ರತಿ ರಿಪೇರಿಗೂ ಒಂದು ಅಚ್ಚಾದ ನಮೂನೆ. ಅದರಲ್ಲಿ "ದೋಷಕ್ಕೆ ಕಾರಣ" ಎಂಬ ಕಾಲಂ ಖಾಲಿ ಬಿಡುವ ಹಾಗಿರಲಿಲ್ಲ. "ದೋಷ ಸಿಗದಿದ್ದರೆ ಬೇಡ, ದೋಷಿಯಾದರೂ ಸಿಗಬೇಕು" ಎನ್ನುತ್ತಿದ್ದರು. ಹಾಗಾಗಿ ನಮ್ಮ ವರದಿಗಳಲ್ಲಿ ಇಲಿ, ಸಿಡಿಲು, ಉಪ್ಪು ಗಾಳಿ ಮತ್ತು ಗ್ರಾಮಸ್ಥರು ಸರದಿಯ ಮೇಲೆ ಬರುತ್ತಿದ್ದರು. ಮೆಕ್ಯಾನಿಕ್ ಎಂಬ ಪ್ರಾಣಿ ಆ ಕಾಲಂನಲ್ಲಿ ಕಾಣಿಸಿಕೊಂಡದ್ದನ್ನು ನಾನು ನೋಡಿರಲಿಲ್ಲ.

ಎಂಬತ್ತರ ದಶಕದ ನಡುವೆ ಒಂದು ಆಶ್ಚರ್ಯ ನಡೆಯಿತು. ಬೇರೆ ಕಡೆಗೆಂದು ಬಂದ ಡಿಶ್ ಆಂಟೆನಾಗಳಲ್ಲಿ ಒಂದು ಹೆಚ್ಚಾಗಿ ಉಳಿದು, ಪರೀಕ್ಷೆಗೆ ಇರಲಿ ಎಂದು ಭಟ್ಕಳದ ಆಚೆಯ ಬೆಳಕೆಗೆ ಬಂತು. ಈಗಿನವರು ಮಾಡಿಗೆ ಸಿಕ್ಕಿಸುವ ತಟ್ಟೆಯನ್ನು ನೆನೆಯಬೇಡಿ. ಇದು ಹನ್ನೆರಡು ಅಡಿ ಅಗಲದ ಬೋಗುಣಿ. ಹನ್ನೆರಡು ದಳ, ಒಂದೊಂದು ದಳವೂ ಆಳೆತ್ತರದ ಕಬ್ಬಿಣದ ಚೌಕಟ್ಟಿಗೆ ತಂತಿಯ ಜಾಲರಿ ಬಿಗಿದದ್ದು. ಉಪಗ್ರಹದಿಂದ ಬಂದದ್ದು ಈ ಜಾಲರಿಗೆ ಬಡಿದು, ಪುಟಿದು, ನಡುವಿನ ಕೊಳವೆಯಲ್ಲಿ ಸೇರಬೇಕು. ಅಲ್ಲಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಟಿ.ವಿ.ಗೆ. ಬೆಂಗಳೂರಿನಿಂದ ಬಂದ ಎಂಜಿನಿಯರು ಕೂರಿಸಿದರು. ಬಿಸಿಲು ಹೆಚ್ಚಿದ್ದರಿಂದ ಅವರಿಗೆ ಕೊಡೆ ಹಿಡಿಯುವ ಕೆಲಸ ನನಗೆ ಬಿತ್ತು. ಆದ್ದರಿಂದ ಡಿಶ್ ಕೂರಿಸುವ ಬಗ್ಗೆ ನನಗೆ ಆ ದಿನ ತಿಳಿದದ್ದು, ಎಂಜಿನಿಯರರ ನೆತ್ತಿಯಲ್ಲಿ ಕೂದಲು ಕಡಿಮೆ ಎಂಬುದಷ್ಟೇ.

ಟಿ.ವಿ. ಕೋಣೆಯ ಬೀಗದ ಕೈ ಮಾಸ್ತಮ್ಮನ ಹತ್ತಿರ ಇತ್ತು. ಮೀನು ಒಣಗಿಸಿ ಮಾರುವ ಹೆಂಗಸು, ನಲವತ್ತರ ಆಸುಪಾಸು, ಗಂಡ ದೋಣಿಗೆ ಹೋಗುವವನು. ಊರ ಹೆಂಗಸರೆಲ್ಲ ಸೇರಿ ಅವಳೇ ಸರಿ ಎಂದಿದ್ದರು. ಪಂಚಾಯ್ತಿ ಒಂದು ಹೆಂಗಸಿನ ಕೈಗೆ ಕೊಟ್ಟ ಮೊದಲ ಬೀಗದ ಕೈ ಅದು. ಸಂಜೆ ಬಾಗಿಲು ತೆಗೆದು, ಮುಂದೆ ಮಕ್ಕಳನ್ನು, ಹಿಂದೆ ಗಂಡಸರನ್ನು ಕೂರಿಸಿ ಟಿ.ವಿ. ಹಚ್ಚುತ್ತಿದ್ದಳು.

ಮೊದಲ ಮಳೆಗಾಲದ ಗಾಳಿಗೆ ಐದು ದಳಗಳ ಜಾಲರಿ ಹರಿಯಿತು. ಮಾಸ್ತಮ್ಮ ಭಟ್ಕಳದ ತನಕ ಬಂದು ಬಸ್ ನಿಲ್ದಾಣದಲ್ಲಿ ನನ್ನನ್ನು ಹಿಡಿದಳು. ನನಗೆ ಬಸ್ಸಿನ ಅವಸರ. ಮೆಟ್ಟಿಲ ಮೇಲೆ ನಿಂತು, "ಬೆಳಕೆಯಲ್ಲಿ ಬಲೆ ಕಟ್ಟುವವರಿಗೆ ಬರಗಾಲವೇ? ನೀವೇ ಕಟ್ಟಿಕೊಳ್ಳಿ" ಎಂದು ಹೇಳಿ ಒಳಗೆ ಹೋದೆ. ಸುತ್ತಲಿನವರು ನಕ್ಕರು. ನನ್ನ ಮಾತಿನ ಚಾತುರ್ಯಕ್ಕೆ ನಾನೂ ಹೊನ್ನಾವರದ ತನಕ ನಗುತ್ತಿದ್ದೆ.

ಅವರು ಕಟ್ಟಿಕೊಂಡರು. ಮಳೆ ಕಳೆದ ಮೇಲೆ ದೋಣಿಗೆ ಬಳಿದು ಉಳಿದ ಬೆಳ್ಳಿ ಬಣ್ಣವನ್ನು ಇಡೀ ಡಿಶ್ಶಿಗೆ ಬಳಿದರು. ಆದರೆ ಟಿ.ವಿ.ಯಲ್ಲಿ ಅಕ್ಕಿ ಚೆಲ್ಲಿದ ಹಾಗೆ ಬಿಳಿ ಚುಕ್ಕೆ ಬಿಟ್ಟರೆ ಬೇರೇನೂ ಇಲ್ಲ. ನಾನು ಮೂರು ಸಲ ಹೋದೆ. ಕೇಬಲ್ ಬದಲಿಸಿದೆ, ಪೆಟ್ಟಿಗೆ ಬಿಚ್ಚಿ ಊದಿದೆ. ನಾನು ಹೊನ್ನಾವರದ ಪಕ್ಕದ ಕಾಸರಕೋಡಿನ ಮೀನುಗಾರರ ಮನೆಯವನು, ಅಪ್ಪ ಬಲೆ ಹೆಣೆಯುವುದರಲ್ಲಿ ಹೆಸರು ಮಾಡಿದವನು. ಹಾಗಾಗಿ ಹೆಂಗಸರು ಕಟ್ಟಿದ ಜಾಲರಿಯ ಮೇಲೆ ಕೈಯಾಡಿಸಿ, ಗಂಟೆಂದರೆ ಹೀಗಿರಬೇಕು ಎಂದು ಹೊಗಳಿದೆ. ಬಾಕಿ ಎಲ್ಲವನ್ನೂ ಅನುಮಾನಿಸಿದ ನನಗೆ ಆ ಗಂಟುಗಳ ಮೇಲೆ ಮಾತ್ರ ಅನುಮಾನ ಬರಲಿಲ್ಲ.

ಮೂರನೆಯ ಸಲ ಚೀಲದಿಂದ ನಮೂನೆ ತೆಗೆದೆ. ದೋಷಕ್ಕೆ ಕಾರಣ: "ಗ್ರಾಮಸ್ಥರು, ವಿಶೇಷತಃ ಮಹಿಳೆಯರು, ಸೂಚನೆಗಳನ್ನು ಕೇಳದೆ ತೋರಿದ ನಿರ್ಲಕ್ಷ್ಯ. ಉಪಕರಣ ಸಂಪೂರ್ಣ ನಿರುಪಯುಕ್ತ." ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಸಾಹೇಬರು ಭಾಷೆ ಚೆನ್ನಾಗಿದೆ ಎಂದರು. ಡಿಶ್, ಕೊಳವೆ, ಪೆಟ್ಟಿಗೆ ಎಲ್ಲ ಒಟ್ಟಿಗೆ ಹರಾಜಾಗಿ ಭಟ್ಕಳದ ಗುಜರಿಗೆ ಹೋಯಿತು. ಬೆಳಕೆಯ ಹೆಸರು ಪಟ್ಟಿಯಿಂದ ಬಿತ್ತು. ಅಲ್ಲಿಗೆ ನಾನು ಅದನ್ನು ಮರೆತೆ.

ಒಂದೂವರೆ ವರ್ಷದ ಮೇಲೆ ನನ್ನ ತಲೆಗೊಂದು ಹುಚ್ಚು ಹಿಡಿಯಿತು. ಹೊನ್ನಾವರದಲ್ಲಿ ಟಿ.ವಿ. ಇದ್ದವರು ತೆಂಗಿನ ಮರದಷ್ಟು ಎತ್ತರದ ಪೈಪು ನಿಲ್ಲಿಸಿ ಗೋವೆಯ ಕಡೆ ಮುಖ ಮಾಡುತ್ತಿದ್ದರು. ಸೆಕೆಗಾಲದಲ್ಲಿ ಕೆಲವು ದಿನ ಸಮುದ್ರದ ಮೇಲಿಂದ ಅರಬ್ ದೇಶದ ಚಿತ್ರವೂ ಮೂಡಿ ಮಾಯವಾಗುತ್ತಿತ್ತು. ಮೂರು ತಾಲೂಕಿಗೆ ಟಿ.ವಿ. ಮೆಕ್ಯಾನಿಕ್ ಆದ ನನ್ನ ಮನೆಯಲ್ಲೂ ಅದೇ ಮಂಜು, ಮಂಜಿನಲ್ಲಿ ಯಾರೋ ಓಡಾಡುತ್ತಿದ್ದರು. ಬಂದವರು ನೋಡಿ ಏನೂ ಹೇಳದೆ ಚಹಾ ಕುಡಿದು ಹೋಗುತ್ತಿದ್ದರು. ಆ ಮೌನ ತಡೆಯಲು ನನ್ನಿಂದಾಗಲಿಲ್ಲ. ಇಡೀ ಹೊನ್ನಾವರದಲ್ಲಿ ನನ್ನ ಅಂಗಳದಲ್ಲೇ ಮೊದಲ ಡಿಶ್ ನಿಲ್ಲಬೇಕು ಎಂದು ತೀರ್ಮಾನಿಸಿದೆ. ಗುಜರಿಗೆ ಹೋದ ಬೆಳಕೆಯ ಡಿಶ್ ನಿರುಪಯುಕ್ತ ಎಂದು ನಾನೇ ಬರೆದದ್ದು ನೆನಪಿತ್ತು. ಬಿಡುವಾಗಿ ಕೂತರೆ ಸರಿಮಾಡಿಯೇನು ಎಂಬ ಧೈರ್ಯ. ಇಲಾಖೆಯ ಕೆಲಸಕ್ಕೆ ಕೊಡದ ಬಿಡುವನ್ನು ಸ್ವಂತಕ್ಕೆ ಕೊಡಬಹುದಲ್ಲ.

ಗುಜರಿಯ ಹಸನ್ ಸಾಹೇಬರ ಹತ್ತಿರ ಎಂಟು ದಳ, ಅವನ್ನು ಜೋಡಿಸುವ ನಡುವಿನ ಚಕ್ರ, ಕೊಳವೆ ಮತ್ತು ಜೇಡರ ಬಲೆ ತುಂಬಿದ ಪೆಟ್ಟಿಗೆ ಉಳಿದಿದ್ದವು. ಅವರ ಮಗ ದುಬೈಯಿಂದ ತಂದ, ಕೆಟ್ಟುಹೋಗಿದ್ದ ಟೇಪ್‌ರೆಕಾರ್ಡರನ್ನು ನಾನು ಸರಿಮಾಡಿಕೊಟ್ಟೆ, ಅವರು ಸಾಮಾನು ಕೊಟ್ಟರು. ಉಳಿದ ನಾಲ್ಕು ದಳ ಎಲ್ಲಿ ಎಂದರೆ, ಬೆಳಕೆಯ ಹೆಂಗಸೊಬ್ಬಳು ಮೀನು ಒಣಗಿಸಲು ಒಯ್ದಳು ಎಂದರು. ಯಾವ ಹೆಂಗಸು ಎಂದು ಕೇಳುವ ಅಗತ್ಯ ಬೀಳಲಿಲ್ಲ.

ಬೆಳಕೆಯ ಮರಳಿನ ಮೇಲೆ ಭಾರತ ಸರ್ಕಾರದ ನಾಲ್ಕು ದಳಗಳು ಕಲ್ಲಿನ ಮೇಲೆ ಮಲಗಿದ್ದವು, ತುಂಬ ಬಂಗಡೆ. ಮಾಸ್ತಮ್ಮ ನನ್ನನ್ನು ನೋಡಿದರೂ ಕೆಲಸ ನಿಲ್ಲಿಸಲಿಲ್ಲ. ದಳಗಳ ಬದಲಿಗೆ ಎಂಟು ಹೊಸ ಬಿದಿರಿನ ತಟ್ಟಿ ತಂದಿದ್ದೇನೆ ಎಂದೆ. ಅವಳು ತಟ್ಟಿ ಬಗ್ಗಿಸಿ ನೋಡಿ ಒಪ್ಪಿದಳು. ಆಮೇಲೆ, ಸಿಟ್ಟಿಲ್ಲದ ದನಿಯಲ್ಲಿ, ನನಗೆ ಗೊತ್ತಿಲ್ಲದ ಕಥೆ ಹೇಳಿದಳು. ನನ್ನ ವರದಿಯ ಪ್ರತಿ ಪಂಚಾಯ್ತಿಗೆ ಬಂದು, ಅದನ್ನು ಸಭೆಯಲ್ಲಿ ಓದಿ, ಬೋರ್ಡಿಗೆ ಅಂಟಿಸಿದರಂತೆ. ಅವಳ ಬೀಗದ ಕೈ ಕಸಿದುಕೊಂಡು ಕೋಣೆಯಲ್ಲಿ ಡಾಂಬರಿನ ಡಬ್ಬ ತುಂಬಿದರಂತೆ. ಆಮೇಲೆ ಹೆಂಗಸರು ನೀರಿನ ನಲ್ಲಿ ಕೇಳಿದರೂ, ದೀಪ ಕೇಳಿದರೂ, ನಿಮಗೆ ಕೊಟ್ಟದ್ದರ ಗತಿ ಗೊತ್ತಿಲ್ಲವಾ ಎನ್ನುವ ಮಾತು ಬರುತ್ತಿತ್ತಂತೆ.

"ದಿನಾ ಬೆಳಿಗ್ಗೆ ಏಣಿ ಇಟ್ಟು ಅದ್ರೊಳ್ಗಿನ ಎಲೆ ಗುಡಿಸ್ತಿದ್ದೆ" ಎಂದಳು. "ನಮ್ಮನೆ ಅಂಗ್ಳ ಗುಡ್ಸೂಕಿಂತ ಮೊದ್ಲು ಅದು. ನಿರ್ಲಕ್ಷ್ಯ ಅಂದ್ರೆ ಎಂತ ಹೇಳಿ ಶಾಲೆ ಮಾಸ್ತರ್ರನ್ನ ಕೇಳಿ ತಿಳ್ಕಂಡೆ."

ನಾನು ಬಂಗಡೆ ಚೆನ್ನಾಗಿ ಒಣಗಿದೆ ಎಂದೇನೋ ಹೇಳಿ ದಳಗಳನ್ನು ಮೀನಿನ ಲಾರಿಗೆ ಹೇರಿಸಿದೆ.

ಹೊನ್ನಾವರದ ಮನೆಯಲ್ಲಿ ಹನ್ನೆರಡು ಅಡಿ ಜಾಗ ಇದ್ದದ್ದು ಒಂದೇ ಕಡೆ, ನನ್ನ ಹೆಂಡತಿ ಶಾರದೆಯ ಮಲ್ಲಿಗೆ ಚಪ್ಪರದಲ್ಲಿ. ಅವಳು ಶಿರಾಲಿಯ ಕಡೆಯವಳು, ತವರಿನಿಂದ ತಂದ ಭಟ್ಕಳ ಮಲ್ಲಿಗೆಯ ಬಳ್ಳಿಗಳವು. ಕಿತ್ತೆ. ಅವಳು ಬೇರು ಒಣಗದಂತೆ ಬಳ್ಳಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟಳು. ಮಾವನ ಮನೆಯ ಮುರಿದ ಗಾಡಿಯ ಚಕ್ರವನ್ನು ಅಡ್ಡ ಮಲಗಿಸಿ, ಅದರ ಮೇಲೆ ದಳಗಳನ್ನು ಬಿಗಿದೆ. ಮನೆಯೆಲ್ಲ ಬಂಗಡೆ ನಾತ. ಓಣಿಯ ಬೆಕ್ಕುಗಳೆಲ್ಲ ಡಿಶ್ಶಿನ ಕೆಳಗೆ ವಾಸ್ತವ್ಯ ಹೂಡಿದವು. ಹೊನ್ನಾವರದಲ್ಲಿ ಡಿಶ್ಶಿನ ಉಪಯೋಗ ಮೊದಲು ಕಂಡುಕೊಂಡವರು ಅವೇ.

ಇನ್ನು ಅದನ್ನು ಯಾವ ಕಡೆ ತಿರುಗಿಸುವುದು? ನಮ್ಮ ಕರಾವಳಿಯ ಟಿ.ವಿ. ಮೆಕ್ಯಾನಿಕನಿಗೆ ಚಿತ್ರ ಬರುವುದು ಎರಡೇ ದಿಕ್ಕಿನಿಂದ, ಗೋವೆ ಇಲ್ಲವೇ ಅರಬ್ಬೀ ಸಮುದ್ರ. ಒಂದು ಭಾನುವಾರ ಡಿಶ್ಶನ್ನು ಗೋವೆಗೆ ಎದುರಾಗಿ ಎಬ್ಬಿಸಿ ನಿಲ್ಲಿಸಿದೆ, ಮರುವಾರ ಸಮುದ್ರಕ್ಕೆ. ಓಣಿಯವರು ದಿನಾ ಬಂದು ಬೇಲಿಯ ಆಚೆಯಿಂದ ಸಲಹೆ ಕೊಟ್ಟರು. ಎರಡನೆಯ ವಾರ ಸೋತು ಕೂತಿದ್ದಾಗ ಮಾಸ್ತಮ್ಮನ ಮಾತು ತಲೆಗೆ ಬಂತು. ಎಲೆ ಗುಡಿಸುತ್ತಿದ್ದಳಂತೆ. ಸಮುದ್ರದ ಕಡೆ ನಿಂತ ಬೋಗುಣಿಯಲ್ಲಿ ಎಲೆ ನಿಲ್ಲುವುದುಂಟೇ? ಬೆಳಕೆಯಲ್ಲಿ ಅದು ಆಕಾಶಕ್ಕೆ ಬಾಯ್ತೆರೆದು ಮಲಗಿದ್ದನ್ನು ನಾನೇ ಕಂಡಿದ್ದೆ, ಗಮನಿಸಿರಲಿಲ್ಲ. ಉಪಗ್ರಹ ಹೆಚ್ಚುಕಡಿಮೆ ನಮ್ಮ ನೆತ್ತಿಯ ಮೇಲೆ, ತುಸು ದಕ್ಷಿಣಕ್ಕೆ ಇತ್ತು. ಎಂಜಿನಿಯರರ ನೆತ್ತಿ ನೋಡುತ್ತಿದ್ದ ನಾನು ನನ್ನ ನೆತ್ತಿಯ ಮೇಲೆ ನೋಡಿರಲಿಲ್ಲ.

ಡಿಶ್ಶನ್ನು ಮಲಗಿಸಿ ಇಂಚಿಂಚು ತಿರುಗಿಸಿದ ಮೇಲೆ ಬೆಳಕೆಯಲ್ಲಿ ಕಂಡ ಅದೇ ಚುಕ್ಕೆಗಳು ಬಂದವು, ಅವುಗಳ ಹಿಂದೆ ಯಾರದೋ ಮುಖದ ನೆರಳು. ಅಂದರೆ ದಿಕ್ಕು ಸರಿ, ಪೆಟ್ಟಿಗೆ ಸರಿ. ಬಿಗಿ ಸಾಲದೇನೋ ಎಂದು ತುಕ್ಕು ಹಿಡಿದ ಒಂದು ಬೋಲ್ಟನ್ನು ಬೆಂಕಿ ಊದುವ ಬ್ಲೋಲ್ಯಾಂಪಿನಿಂದ ಕಾಯಿಸಿದೆ. ಪಕ್ಕದ ಜಾಲರಿ ಸುರುಟಿಕೊಂಡಿತು. ತಂತಿ ಸುರುಟುವುದಿಲ್ಲ. ಸೀದ ವಾಸನೆ ಬಂತು. ಅದು ನನಗೆ ಹುಡುಗನಾಗಿದ್ದಾಗಿನಿಂದ ಗೊತ್ತಿದ್ದ ವಾಸನೆ. ಅಪ್ಪ ನೈಲಾನ್ ಬಲೆಯ ತುದಿಯನ್ನು ಸುಟ್ಟು ಗಂಟು ಕೂರಿಸುವಾಗ ಬರುತ್ತಿದ್ದದ್ದು.

ಕರೆಂಟು ಹರಿಯುತ್ತದೆಯೇ ಎಂದು ತೋರಿಸುವ ಮೀಟರ್ ತಂದು ಒಂದೊಂದು ದಳಕ್ಕೂ ಹಿಡಿದೆ. ಏಳರಲ್ಲಿ ಮುಳ್ಳು ಆಡಿತು, ಐದರಲ್ಲಿ ಆಡಲಿಲ್ಲ. ಬೆಳಕೆಯ ಹೆಂಗಸರು ಐದು ದಳವನ್ನು ಬಲೆಯ ನೈಲಾನ್ ದಾರದಿಂದ ಕಟ್ಟಿ, ಬಣ್ಣ ಬಳಿದಿದ್ದರು; ಬಣ್ಣ ಒಣಗಿ ದಾರವೂ ತಂತಿಯ ಹಾಗೆ ಸೆಟೆದಿತ್ತು. ನೈಲಾನಿಗೆ ಬಡಿದದ್ದು ಪುಟಿಯುವುದಿಲ್ಲ, ತೂತು ಕೊಡದಲ್ಲಿ ನೀರಿನ ಹಾಗೆ ಆಚೆ ಹೋಗುತ್ತದೆ. ಬಲೆ ಕಟ್ಟುವವರಿಲ್ಲವೇ ಎಂದವನು ನಾನು. ಬಲೆ ಎಂದರೆ ಅವರಿಗೆ ನೈಲಾನ್. ತಂತಿಯಿಂದ ಕಟ್ಟಿ ಎಂಬ ಒಂದು ಮಾತನ್ನು ನಾನು ಹೇಳಿರಲಿಲ್ಲ. ಹತ್ತು ವರ್ಷ ಹೆಗಲಿಗೆ ನೇತುಹಾಕಿಕೊಂಡು ತಿರುಗಿದ ಮೀಟರನ್ನು ಬೆಳಕೆಯಲ್ಲಿ ಮೂರು ಸಲದಲ್ಲಿ ಒಮ್ಮೆಯೂ ಆ ಜಾಲರಿಗೆ ಹಿಡಿದಿರಲಿಲ್ಲ.

ಕೋಳಿಗೂಡಿನ ತಂತಿ ಜಾಲರಿ ತಂದು ಐದು ದಳಕ್ಕೆ ಬಿಗಿದೆ. ಭಾನುವಾರ ಬೆಳಿಗ್ಗೆ ಚಿತ್ರ ಕನ್ನಡಿಯಂತೆ ಬಂತು. ಓಣಿಗೆ ಓಣಿಯೇ ಅಂಗಳಕ್ಕೆ ಬಂತು, ಹೊಗಳಿತು. ಎದುರು ಮನೆಯ ಮಾಸ್ತರರು ಚಹಾ ಕುಡಿಯುತ್ತ, ಇದು ಬೆಳಕೆಯದಲ್ಲವೇ, ಉಪಯೋಗಕ್ಕಿಲ್ಲ ಎಂದಿದ್ದರಲ್ಲ ಎಂದು ಸುಮ್ಮನೆ ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ, ನಾನು ಎದ್ದು ಟಿ.ವಿ. ಆರಿಸಿಬಿಟ್ಟೆ. ಆಗಷ್ಟೇ ನನ್ನ ಸ್ಥಿತಿ ನನಗೆ ತಿಳಿಯಿತು. ಡಿಶ್ ನಡೆಯದಿದ್ದರೆ ನಾನು ದಡ್ಡ. ನಡೆದರೆ, ಸುಳ್ಳು ವರದಿ ಬರೆದು ಸರ್ಕಾರದ ಸೊತ್ತನ್ನು ಮನೆಗೆ ತಂದ ಕಳ್ಳ. ಅದೀಗ ಬಹಳ ಚೆನ್ನಾಗಿ ನಡೆಯುತ್ತಿತ್ತು.

ಎಲ್ಲರೂ ಹೋದ ಮೇಲೆ ಶಾರದೆಗೆ ಮೀಟರಿನ ವಿಷಯ ಹೇಳಿದೆ. ಅವಳು ಕಿತ್ತ ಬಳ್ಳಿಗಳನ್ನು ಡಬ್ಬದಲ್ಲಿ ನೆಟ್ಟು ಬದುಕಿಸುತ್ತಿದ್ದಳು. "ನನ್ನ ಮಲ್ಲಿಗೆ ಹೋಗ್ಲಿ, ಮತ್ತೆ ಚಿಗುರ್ತದೆ" ಎಂದಳು. "ಆ ಹೆಂಗ್ಸಿಗೆ ಎಂತ ಹೇಳ್ತ್ರಿ?"

ನನಗೆ ನಾಚಿಕೆಯಾಯಿತು, ಆದರೆ ಭಯ ಅದಕ್ಕಿಂತ ದೊಡ್ಡದಿತ್ತು. ಮೊದಲು ಕಾರವಾರಕ್ಕೆ ಹೋದೆ. ಸಾಹೇಬರು ಪೂರ್ತಿ ಕೇಳಿದರು. ನಿರುಪಯುಕ್ತ ಎಂದು ಹರಾಜಾದ ವಸ್ತು ಮತ್ತೆ ಜೀವ ಪಡೆದರೆ ತುಂಬಲು ತಮ್ಮಲ್ಲಿ ನಮೂನೆ ಇಲ್ಲ ಎಂದರು. ಆಮೇಲೆ ಬಾಗಿಲು ಮುಂದೆ ಮಾಡಿ, ಬಾಯಲ್ಲಿ ಹೇಳಿದ್ದನ್ನು ತಾವು ಕೇಳಿಲ್ಲ, ಬರಹದಲ್ಲಿ ಬಂದರೆ ವಿಚಾರಣೆ ಮಾಡದೆ ವಿಧಿಯಿಲ್ಲ ಎಂದರು; ಬಡ್ತಿಯ ಪಟ್ಟಿಯಲ್ಲಿ ನನ್ನ ಹೆಸರು ಮೇಲಿದೆ ಎಂಬುದನ್ನೂ ನೆನಪಿಸಿದರು. ನನ್ನ ಒಳ್ಳೆಯದಕ್ಕೇ ಹೇಳಿದರು. ನಾನೂ ಬಸ್ಸಿನಲ್ಲಿ ಒಂದು ಒಳದಾರಿ ಹುಡುಕಿಕೊಂಡೆ. ಡಿಶ್ಶನ್ನೇ ಬೆಳಕೆಗೆ ಕೊಟ್ಟುಬಿಟ್ಟರೆ ಆಯಿತು, ಬರೆಯುವುದೇಕೆ?

ಮತ್ತೆ ಮೀನಿನ ಲಾರಿ. ಬೆಳಕೆಯಲ್ಲಿ ಹಳೆಯ ಕಾಂಕ್ರೀಟ್ ಕಟ್ಟೆ, ಕಂಬ ಎರಡೂ ಉಳಿದಿದ್ದವು. ನಾನು ಬಿಗಿದಿದ್ದ ಕೋಳಿ ಜಾಲರಿಯನ್ನು ನೋಡಿ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಬಲೆ ಹೆಣೆಯುವ ಕೋಲಿಗೆ ತಂತಿ ಸುತ್ತಿ, ನನ್ನ ಗಂಟುಗಳನ್ನೆಲ್ಲ ಬಿಚ್ಚಿ, ಮಧ್ಯಾಹ್ನದೊಳಗೆ ಮತ್ತೆ ಕಟ್ಟಿದರು. ಪಂಚಾಯ್ತಿಯ ಚೇರ್ಮನ್ನರು ಡಾಂಬರು ಡಬ್ಬ ತೆಗೆಸಿ ಕೋಣೆಯನ್ನೂ ಅದರ ಮೂಲೆಯಲ್ಲಿ ಉಳಿದಿದ್ದ ಟಿ.ವಿ.ಯನ್ನೂ ಬಿಡಿಸಿಕೊಟ್ಟರು. ಸಂಜೆ ಟಿ.ವಿ. ಹಚ್ಚಿದಾಗ ಚಿತ್ರ ಬಂತು. ಮಕ್ಕಳು ಒಳಗೆ ನುಗ್ಗಿದರು. ನಾನು ಹೊರಗೆ ಬಂದು, ಉಪಕಾರ ಮಾಡಿದವನು ನಿಲ್ಲುವ ಹಾಗೆ ನಿಂತುಕೊಂಡೆ.

ಮಾಸ್ತಮ್ಮ ಚಿತ್ರ ನೋಡಲು ಹೋಗಲಿಲ್ಲ. ನನ್ನ ಎದುರಿಗೆ ಬಂದು, ಅಂದು ಕೆಟ್ಟದ್ದು ಎಂತ ಎಂದು ಕೇಳಿದಳು. ನೈಲಾನ್ ಎಂದೆ. ಅವಳು ಕೈಯಲ್ಲಿದ್ದ ತಂತಿಯ ಕೋಲನ್ನು ಎತ್ತಿ ಹಿಡಿದಳು.

"ತಂತಿ ಹೇಳಿದ್ರೆ ತಂತಿಲೇ ಕಟ್ತಿದ್ದೆವು" ಎಂದಳು. "ನಾವು ಕೇಳ್ಲಿಲ್ಲ ಹೇಳಿ ಬರದ್ರಿ. ನೀವು ಹೇಳ್ಲಿಲ್ಲ ಹೇಳಿ ಬರೀರಿ."

ಬಡ್ತಿಯ ಪಟ್ಟಿ, ವಿಚಾರಣೆ, ಸಾಹೇಬರು ಮುಂದೆ ಮಾಡಿದ ಬಾಗಿಲು ಎಲ್ಲ ಒಂದು ಸಲ ಕಣ್ಣ ಮುಂದೆ ಬಂದವು. ಅವಳು ಒತ್ತಾಯ ಮಾಡಲಿಲ್ಲ, ಕಾಯುತ್ತ ನಿಂತಳು. ಅವಳು ಎರಡು ಮಾತು ಬೈದಿದ್ದರೆ ನಾನು ಜಗಳ ಮಾಡಿ ತಪ್ಪಿಸಿಕೊಳ್ಳುತ್ತಿದ್ದೆ. ಚೀಲದಿಂದ ನಮೂನೆ ತೆಗೆದು ಕಟ್ಟೆಯ ಮೇಲೆ ಕೂತು ಬರೆದೆ. ದೋಷಕ್ಕೆ ಕಾರಣ: "ಮೆಕ್ಯಾನಿಕ್. ಯಾವುದರಿಂದ ಕಟ್ಟಬೇಕೆಂದು ಹೇಳಲಿಲ್ಲ. ಕಟ್ಟಿದ ಮೇಲೆ ಪರೀಕ್ಷಿಸಲಿಲ್ಲ. ಮಹಿಳೆಯರ ನಿರ್ಲಕ್ಷ್ಯ ಇಲ್ಲ." ಗಟ್ಟಿಯಾಗಿ ಓದಿ ಎಂದಳು, ಓದಿದೆ. ಒಂದು ಪ್ರತಿಯನ್ನು ಚೇರ್ಮನ್ನರ ಕೈಗೆ ಕೊಟ್ಟೆ, ಇನ್ನೊಂದನ್ನು ಮರುದಿನ ಭಟ್ಕಳದಲ್ಲಿ ಟಪಾಲಿಗೆ ಹಾಕಿದೆ.

ವಿಚಾರಣೆ ನಡೆಯಿತು. ಡಿಶ್ ಬೆಳಕೆಯಲ್ಲೇ ಇದ್ದದ್ದರಿಂದ ಕಳ್ಳತನದ ಮಾತು ಬಿದ್ದುಹೋಯಿತು, ಕರ್ತವ್ಯಲೋಪ ಉಳಿಯಿತು, ಬಡ್ತಿ ಹೋಯಿತು. ನೀವು ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ಶಾರದೆಯ ಮಲ್ಲಿಗೆ ಮತ್ತೆ ಅಂಗಳಕ್ಕೆ ಬಂತು. ನಮ್ಮ ಮನೆಯ ಟಿ.ವಿ.ಯಲ್ಲಿ ಮತ್ತೆ ಮಂಜು ಬಿತ್ತು. ಬಂದವರು ಮೊದಲಿನ ಹಾಗೆ ಏನೂ ಹೇಳದೆ ಚಹಾ ಕುಡಿದು ಹೋದರು.

ತಿಂಗಳ ನಂತರ ತಪಾಸಣೆಗೆಂದು ಬೆಳಕೆಗೆ ಹೋದೆ. ಬೆಳಗಿನ ಹೊತ್ತು. ಪಂಚಾಯ್ತಿಯ ಬೋರ್ಡಿನಲ್ಲಿ ಹಳೆಯ ವರದಿಯ ಮೇಲೆಯೇ ಹೊಸದನ್ನು ಅಂಟಿಸಿದ್ದರು. ಮಾಸ್ತಮ್ಮ ಏಣಿಯ ಮೇಲೆ ನಿಂತು ಡಿಶ್ಶಿನೊಳಗಿನ ಎಲೆ ಗುಡಿಸುತ್ತಿದ್ದಳು. ಬೀಗದ ಕೈ ಸೊಂಟದಲ್ಲಿತ್ತು. ನಾನು ಕೆಳಗೆ ನಿಂತು ಮೀಟರ್ ಹಿಡಿದು ಹನ್ನೆರಡೂ ದಳ ನೋಡಿದೆ, ಹನ್ನೆರಡರಲ್ಲೂ ಮುಳ್ಳು ಆಡಿತು. ಎಲ್ಲ ಸರಿ ಇದೆ ಎಂದು ನಮೂನೆ ತುಂಬುತ್ತಿದ್ದಾಗ ಅವಳು ಮೇಲಿಂದಲೇ ಕೇಳಿದಳು.

"ಎಲೆ ಗುಡಿಸಿದ್ದು ಬರ್ಕಂಡ್ರಾ?"

ಅದಕ್ಕೆ ಕಾಲಂ ಇರಲಿಲ್ಲ. ಕೆಳಗೆ ಗೆರೆ ಎಳೆದು ಬರೆದುಕೊಂಡೆ.